ಅಪ್ಪ ಎಲ್ಲಿದ್ದ ಎಂಬ ಕಾಲಂ

ದೋಸ್ತ ಪ್ರಭುದಾಸ,

ನೀನು ಹೋಗಿ ಎರಡು ತಿಂಗಳಾಗುತ್ತ ಬಂತು. ನನಗೆ ಪತ್ರ ಬರೆಯುವ ಚಟ ಯಾವತ್ತೂ ಇರಲಿಲ್ಲ, ನಿನಗೆ ಗೊತ್ತೇ ಇದೆ. ಗಣಿತದ ಮಾಸ್ತರ ನಾನು; ಎರಡು ಸಾಲಿನಲ್ಲಿ ಮುಗಿಯುವ ಉತ್ತರಕ್ಕೆ ಮೂರನೆಯ ಸಾಲು ಬರೆದವರ ಕಿವಿ ಹಿಂಡಿದವನು. ಆದರೆ ನಿನಗೆ ಹೇಳಲೇಬೇಕಾದ ಸುದ್ದಿಯೊಂದಿದೆ. ಸಂಜೆ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಹೇಳೋಣವೆಂದರೆ ಅಲ್ಲಿ ನೀನಿಲ್ಲ, ನೀನು ಕೂರುವ ಜಾಗದಲ್ಲಿ ಓಣಿಯ ಬೆಕ್ಕು ಮಲಗಿರುತ್ತದೆ. ಜೇವರ್ಗಿಯಲ್ಲಿ ಇಷ್ಟು ಮಂದಿ ಇದ್ದೂ ನನಗೆ ಮಾತಾಡಲು ಯಾರೂ ಇಲ್ಲದಂತಾಗಿದೆ, ಪ್ರಭು. ಒಮ್ಮೊಮ್ಮೆ ನಿನ್ನ ಮೇಲೆ ಸಿಟ್ಟೂ ಬರುತ್ತದೆ.

ಮೊದಲು ನಿನ್ನ ಮಣ್ಣಿನ ದಿನದ ಮಾತು ಹೇಳಿಬಿಡುತ್ತೇನೆ. ಅಲ್ಲಿ ನಾನೊಂದು ತಪ್ಪು ಮಾಡಿದೆ. ನಿನಗೆ ಸ್ನಾನ ಮಾಡಿಸಿ, ಬಿಳಿ ಅಂಗಿ ತೊಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹುಟ್ಟಿದಾಗಿನಿಂದ ನಾನು ಹತ್ತಿರದಿಂದ ನೋಡಿದ ಹೆಣಗಳೆಲ್ಲ ಕೂತಿದ್ದವೇ. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ, ಕೈಯಲ್ಲಿ ಲಿಂಗ ಇಡುತ್ತಾರೆ, ಕೂತಂತೆಯೇ ಕುಣಿಗೆ ಇಳಿಸುತ್ತಾರೆ. ನನಗೆ ತಡೆಯಲಾಗಲಿಲ್ಲ. "ಅಲ್ರಿ, ಕೂಡಸೂದಿಲ್ಲೇನ್ರಿ? ಹಿಂಗ ಮಲಗಿಸಿದ್ರ ಹ್ಯಾಂಗ್ರಿ?" ಅಂದುಬಿಟ್ಟೆ. ನಿಮ್ಮ ಪಾದ್ರಿ ಸಣ್ಣ ವಯಸ್ಸಿನವರು, ಪಾಪ, ಒಂದು ಗಳಿಗೆ ನನ್ನನ್ನೇ ನೋಡಿದರು. "ನಮ್ಮಲ್ಲಿ ಮಲಗಸ್ತೇವ್ರಿ ಮಾಸ್ತರ. ಮಲಗಿದವರು ಏಳತಾರಲ್ರಿ," ಅಂದರು. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಜೇಬಿನಲ್ಲಿದ್ದ ವಿಭೂತಿ ತೆಗೆದು ನಿನ್ನ ಹಣೆಯ ಮೇಲೆ ಮೂರು ಬೆರಳು ಎಳೆದೆ. ಕೈ ತಾನಾಗಿ ಹೋಯಿತು. ಹಿಂದಿನಿಂದ ಯಾರೋ ಗೊಣಗಿದರು. ನಿನ್ನ ಹೆಂಡತಿ ರತ್ನಾಬಾಯಿ ಅಳುತ್ತಲೇ, "ಇರ್ಲಿ ಬಿಡ್ರಿ, ಅವರಿಬ್ಬರದು ಹಂಗ ಇತ್ತು," ಅಂದಳು. ಹಾಗೆ ನೀನು ವಿಭೂತಿ ಹಚ್ಚಿಕೊಂಡೇ ಮಣ್ಣಿಗೆ ಹೋದೆ. ನಿನ್ನ ದೇವರು ಕೇಳಿದರೆ ನನ್ನ ಹೆಸರು ಹೇಳು.

ಎರಡು ವರ್ಷದ ಹಿಂದೆ ಒಂದು ಸಂಜೆ ನೀನು ಕರಿ ಕನ್ನಡಕ ಹಾಕಿಕೊಂಡು, ಚೀಲದಲ್ಲಿ ದಪ್ಪ ಬೈಬಲ್ ಹಿಡಿದು ಬಂದದ್ದು ಕಣ್ಣ ಮುಂದೆಯೇ ಇದೆ. ಕಲಬುರಗಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು. "ಯಾಕೋ ಸರಿ ಆಗವಲ್ದೋ ಮಾಸ್ತರ, ಅಕ್ಷರ ಅಲಗಾಡ್ತಾವ. ಚರ್ಚಿನ್ಯಾಗ ನಾ ಮಾತಾಡಬೇಕಾಗ್ಯದ. ನೀ ಓದು, ನಾ ಕೇಳ್ತೇನಿ," ಅಂದೆ. ಏನು ಓದಲಿ ಎಂದರೆ, "ಸತ್ತವರು ಎದ್ದು ಬಂದಿದ್ದು. ಎಲ್ಲಾ ಕಥಿ ಹುಡುಕಿ ಒಂದ ಕಡೆ ಇಟ್ಟು ನೋಡಬೇಕು," ಅಂದೆ. ನಾನು ನಕ್ಕೆ. ಮೂವತ್ತು ವರ್ಷ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು ನೀನು, ಎಷ್ಟೋ ಹೆಣಕ್ಕೆ ಬಟ್ಟೆ ಹೊದಿಸಿದ್ದೀ, ಒಂದಾದರೂ ಎದ್ದಿತೇ ಎಂದು ಕೇಳಿದೆ. "ಇಲ್ಲ. ಅದಕ್ಕ ಓದಬೇಕನಸ್ತದ," ಅಂದೆ. ಅವತ್ತಿನಿಂದ ಹಣೆ ತುಂಬ ವಿಭೂತಿ ಇಟ್ಟ ಮುದುಕನೊಬ್ಬ ಕಟ್ಟೆಯ ಮೇಲೆ ಕೂತು ಬೈಬಲ್ ಓದುವುದು ಓಣಿಗೆಲ್ಲ ತಮಾಷೆಯಾಯಿತು.

ನನ್ನ ಮಾಸ್ತರಿಕೆ ಬಿಡಬೇಕಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿದೆ. ಸತ್ತವರು ಯಾರು, ಸತ್ತು ಎಷ್ಟು ಹೊತ್ತಾಗಿತ್ತು, ಎಬ್ಬಿಸಿದವರು ಯಾರು, ಮುಟ್ಟಿ ಎಬ್ಬಿಸಿದರೋ ಮಾತಿನಿಂದಲೋ. ಯೇಸುವನ್ನು ಬಿಟ್ಟು ಎಂಟು ಮಂದಿ ಸಿಕ್ಕರು. ಸಮಾಧಿಗಳು ತೆರೆದು ಬಹಳ ಮಂದಿ ಎದ್ದರೆಂದು ಮತ್ತಾಯ ಒಂದು ಕಡೆ ಬರೆದಿದ್ದಾನೆ, ಆದರೆ ಹೆಸರಿಲ್ಲ. ಅದನ್ನು ಸೇರಿಸುವುದಿಲ್ಲ ಎಂದು ನಾನು ಹಟ ಹಿಡಿದೆ, ನೀನು ಒಪ್ಪಿದೆ. ಎಲೀಯ ಪ್ರವಾದಿ ವಿಧವೆಯ ಮಗನ ಮೇಲೆ ಮೂರು ಸಲ ಬೋರಲು ಬಿದ್ದು ದೇವರನ್ನು ಕೂಗುತ್ತಾನೆ. ಅವನ ಶಿಷ್ಯ ಎಲೀಷ ಶೂನೇಮಿನ ಹುಡುಗನ ಬಾಯಿಗೆ ಬಾಯಿ, ಕಣ್ಣಿಗೆ ಕಣ್ಣು ಇಟ್ಟು ಮಲಗುತ್ತಾನೆ, ಎದ್ದು ಮನೆಯೊಳಗೆ ಅತ್ತಿಂದಿತ್ತ ತಿರುಗಾಡುತ್ತಾನೆ, ಮತ್ತೆ ಮಲಗುತ್ತಾನೆ. ಹುಡುಗ ಏಳು ಸಲ ಸೀನಿ ಕಣ್ಣು ಬಿಡುತ್ತಾನೆ. ಆ ಸೀನಿಗೆ ನಾನು ಹೊಟ್ಟೆ ಹಿಡಿದು ನಕ್ಕರೆ ನೀನು ನಗಲಿಲ್ಲ. "ನಗಬ್ಯಾಡೋ. ಸೀನು ಬಂತಂದ್ರ ಉಸಿರು ಹಾದಿಗೆ ಬಂತಂತ ತಿಳಿ. ಬರದಾಂವಗ ದವಾಖಾನಿ ಕೆಲಸ ಗೊತ್ತಿತ್ತು," ಅಂದೆ. ಯೇಸುವಿನದು ಹಾಗಲ್ಲ. ಒಂದು ಮಾತು, ಹೆಚ್ಚೆಂದರೆ ಕೈ ಹಿಡಿಯುವುದು, ಮುಗಿಯಿತು. ಪ್ರವಾದಿಗಳು ಬೆವರು ಸುರಿಸಿ ಮಾಡಿದ್ದನ್ನು ಈತ ನಿಂತಲ್ಲೇ ಮಾಡುತ್ತಾನಲ್ಲ ಎಂದು ನಾನು ಬೆರಗಾದದ್ದು ಸುಳ್ಳಲ್ಲ.

ಜಗಳವೂ ಆಡಿದೆವು. ಎಲೀಷ ಸತ್ತು ಎಲುಬಾದ ಮೇಲೆ ಅವನ ಗೋರಿಯಲ್ಲಿ ಯಾರೋ ಗಡಿಬಿಡಿಯಲ್ಲಿ ಒಂದು ಹೆಣ ಎಸೆದರೆ, ಎಲುಬಿಗೆ ತಾಗಿ ಅದು ಎದ್ದು ನಿಂತಿತಂತೆ. ಯಾರೂ ಅತ್ತಿಲ್ಲ, ಯಾರೂ ಬೇಡಿಲ್ಲ, ಇದೆಂಥ ಲೆಕ್ಕ ಎಂದು ನಾನು. "ಬೇಡದವರಿಗೂ ಸಿಗ್ತದಂತ ಇಟ್ಟಾರ," ಎಂದು ನೀನು. ನಡುರಾತ್ರಿಯಾದರೂ ಪೌಲನ ಉಪದೇಶ ಮುಗಿಯದೆ, ಕಿಟಕಿಯಲ್ಲಿ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದು ಸತ್ತ ಯೂತಿಖನ ಕಥೆ ಬಂದಾಗ, ಚರ್ಚಿನಲ್ಲಿ ನೀನು ಮಾತಾಡುವ ದಿನ ಎಲ್ಲ ಕಿಟಕಿ ಮುಚ್ಚಿಸು ಎಂದಿದ್ದೆ. ನಕ್ಕು ನಕ್ಕು ನೀನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ಆ ಕಣ್ಣುಗಳು ಎಷ್ಟು ನಿಚ್ಚಳವಾಗಿದ್ದವು ಎಂದು ನನಗೆ ಆಗಲೇ ಹೊಳೆಯಬೇಕಿತ್ತು...

ಲಾಜರನ ಸಾಲಿನಲ್ಲಿ ನಾಲ್ಕು ದಿನ ಎಂದು ಬರೆದಾಗ ನೀನು ಆ ಸಾಲನ್ನು ನನ್ನಿಂದ ಮತ್ತೊಮ್ಮೆ ಓದಿಸಿದೆ. ಯೇಸು ಎಬ್ಬಿಸಿದ ಮೂವರಲ್ಲಿ ಯಾಯಿರ ಎಂಬವನ ಮಗಳು ಆಗಷ್ಟೇ ತೀರಿಹೋಗಿದ್ದಳು. ನಾಯಿನ ಎಂಬ ಊರಿನ ವಿಧವೆಯ ಮಗನನ್ನು ಹೊತ್ತು ಊರ ಬಾಗಿಲು ದಾಟಿಸುತ್ತಿದ್ದರು. ಲಾಜರ ಮಾತ್ರ ನಾಲ್ಕು ದಿನದಿಂದ ಗವಿಯೊಳಗಿದ್ದ, ಒಡಹುಟ್ಟಿದ ಮಾರ್ಥಳೇ ವಾಸನೆ ಬಂದಿರುತ್ತದೆ ಅನ್ನುತ್ತಾಳೆ. ನಾಲ್ಕು ದಿನದ ಹೆಣವೆಂದರೆ ಏನೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಕಡೆಗೆ ನೀನು, "ಮಾಸ್ತರ, ತಡ ಆತು ಅಂತ ಎಲ್ಲರೂ ಅಂತಾರ ನೋಡು ಇದರಾಗ. ಖರೇನ ತಡ ಆತು ಅಂತ ಒಂದರಾಗೂ ಬರದಿಲ್ಲ," ಅಂದೆ. ನಾನು ಹೂಂ ಅಂದು ಪುಟ ತಿರುವಿದೆ.

ನೀಲಾಳ ಹೆಸರು ನಮ್ಮಿಬ್ಬರ ನಡುವೆ ಬಾರದೆ ಆಗಲೇ ಒಂಬತ್ತು ವರ್ಷವಾಗಿತ್ತು. ಈಗ ಬರೆಯುತ್ತೇನೆ. ನನ್ನ ಒಬ್ಬಳೇ ಮಗಳು. ಅತನೂರಿನ ಹುಡುಗ, ಬೇರೆ ಜಾತಿ, ನೀರಿನ ಮೋಟರು ರಿಪೇರಿ ಮಾಡುವವನು. ಅವನನ್ನು ರಿಜಿಸ್ಟರ್ ಮದುವೆಯಾಗಿ ಹೋದಳು. ಜಾತಿಯಿಲ್ಲ ಎಂದ ಬಸವಣ್ಣನ ಫೋಟೋ ನಡುಮನೆಯಲ್ಲಿ ತೂಗುಹಾಕಿಕೊಂಡ ನಾನು ಏನು ಮಾಡಿದೆ? ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಅವಳ ಫೋಟೋಗೆ ವಿಭೂತಿ ಹಚ್ಚಿ, ಹಾರ ಹಾಕಿ, ತೀರಿಹೋದ ನನ್ನ ಅಪ್ಪ ಅವ್ವನ ಪಕ್ಕದಲ್ಲಿ ಮೊಳೆ ಹೊಡೆದು ತೂಗಿಸಿದೆ. ಮೂರನೆಯ ದಿನ ಸ್ವಾಮಿಗಳನ್ನು ಕರೆಸಿ, ಓಣಿಯವರನ್ನು ಕೂಡಿಸಿ, ಸತ್ತವರಿಗೆ ಮಾಡುವಂತೆ ಅವಳ ದಿನ ಮಾಡಿದೆ. ಅವಳು ಅತನೂರಿನಲ್ಲಿ ಉಣ್ಣುತ್ತ ಉಸಿರಾಡುತ್ತ ಇದ್ದಳು, ಇಲ್ಲಿ ಅವಳ ಹೆಸರಿನಲ್ಲಿ ಮಂದಿ ಹುಗ್ಗಿ ಉಂಡು ಕೈ ತೊಳೆದರು. ನಮ್ಮ ಕಡೆ ಹೀಗೆ ಮಾಡಿದವರಲ್ಲಿ ನಾನು ಮೊದಲನೆಯವನಲ್ಲ, ಅದೇ ನನಗೆ ಧೈರ್ಯ. ನನ್ನ ಹೆಂಡತಿ ಸುಶೀಲಾ ಬಾಯಿಗೆ ಸೆರಗು ತುರುಕಿಕೊಂಡು ಬಡಿಸಿದಳು. ನೀನು ಬಂದೆ, ಫೋಟೋ ನೋಡಿದೆ, ಊಟಕ್ಕೆ ಕೂರಲಿಲ್ಲ. "ಜೀವಂತ ಇದ್ದವರ ದಿನ ನಾ ಉಣ್ಣಾಂಗಿಲ್ಲೋ," ಎಂದು ಚಪ್ಪಲಿ ಮೆಟ್ಟಿ ಹೋದೆ. ಆರು ತಿಂಗಳು ನಾವು ಮಾತಾಡಲಿಲ್ಲ.

ಸುಶೀಲಾ ನಾನು ಓದುವಾಗ ಬಾಗಿಲ ಒಳಗೆ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದುದು ನಿನಗೆ ನೆನಪಿರಬೇಕು. ಎಲೀಯ ಬದುಕಿದ ಹುಡುಗನನ್ನು ಎತ್ತಿಕೊಂಡು ಮಹಡಿ ಇಳಿದು ಅವನ ತಾಯಿಗೆ ಕೊಟ್ಟ ಎಂದು ಓದಿದ್ದೆ. ವಾರದ ಮೇಲೆ ನಾಯಿನ ಊರಿನದು ಬಂತು. ಅಲ್ಲಿಯೂ ಎದ್ದು ಕೂತ ಮಗನನ್ನು ಯೇಸು ತಾಯಿಗೆ ಒಪ್ಪಿಸುತ್ತಾನೆ. ಒಳಗೆ ಮೊರದ ಸಪ್ಪಳ ನಿಂತಿತು. "ಅಲ್ಲೂ ಅವ್ವನ ಕೈಯಾಗ ಕೊಟ್ರೇನ್ರಿ?" ಎಂದು ಕೇಳಿದಳು. ಹೌದು ಎಂದೆ. "ಎಲ್ಲಾರೂ ಅವ್ವನ ಕೈಯಾಗ ಕೊಡ್ತಾರ," ಅಂದಳು, ನನಗಲ್ಲ, ತನಗೆ ತಾನೇ ಹೇಳಿಕೊಂಡಂತೆ. ನೀನು ನನ್ನ ಮುಖ ನೋಡಿದೆ, ನಾನು ಪುಸ್ತಕ ನೋಡಿದೆ. ಹೊತ್ತಾಯಿತು ಎಂದು ಅವತ್ತು ಬೇಗ ಎದ್ದುಬಿಟ್ಟೆ, ನಿನಗೆ ಚಹಾ ಸಹ ಕೇಳಲಿಲ್ಲ.

ತಬಿಥಾಳ ಕಥೆಯ ದಿನವೂ ಹಾಗೆಯೇ. ಅವಳು ಸತ್ತಾಗ ಊರಿನ ವಿಧವೆಯರು ಯೇಸುವಿನ ಶಿಷ್ಯ ಪೇತ್ರನ ಸುತ್ತ ನಿಂತು, ಅವಳು ಹೊಲಿದುಕೊಟ್ಟ ಅಂಗಿಗಳನ್ನು ಒಂದೊಂದಾಗಿ ತೋರಿಸಿ ಅಳುತ್ತಾರೆ. ಬೇಡಿಕೊಳ್ಳುವುದಕ್ಕೆ ಅವರಿಗೆ ಬೇರೆ ಮಾತು ಬರಲಿಲ್ಲವೇನೋ. ಮರುದಿನ ನಿನಗೆ ಒರಗಲು ಇಟ್ಟ ದಿಂಬಿಗೆ, ನೀಲಾ ಹೈಸ್ಕೂಲಿನಲ್ಲಿದ್ದಾಗ ಕಸೂತಿ ಹಾಕಿದ ಕವರ್ ಬಂದಿತ್ತು. ಅದು ಇಷ್ಟು ವರ್ಷ ಟ್ರಂಕಿನ ತಳದಲ್ಲಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ನೀನು ಅದರ ಮೇಲೆ ಒರಗಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನಾನು ನೋಡದವನಂತೆ ಓದುತ್ತ ಹೋದೆ.

ಕಡೆಯ ಸಲ ನಾವು ಕೂತದ್ದು ನೀನು ಹೋಗುವ ಐದು ದಿನ ಮೊದಲು. ಕಾಲಂ ಎಲ್ಲ ತುಂಬಿದವು, ಇನ್ನೇನು ಎಂದೆ ನಾನು. "ಇನ್ನೊಂದು ಹಾಕು. ಅಪ್ಪ ಎಲ್ಲಿದ್ದ, ಅಂತ," ಅಂದೆ ನೀನು. ನನಗೆ ವಿಚಿತ್ರ ಅನ್ನಿಸಿತು, ಆದರೂ ಗೆರೆ ಎಳೆದೆ. ಎಲೀಯ ಎಬ್ಬಿಸಿದ ಹುಡುಗನ ತಾಯಿ ವಿಧವೆ, ಅಪ್ಪನಿಲ್ಲ. ನಾಯಿನ ಊರಿನವನಿಗೂ ಇಲ್ಲ. ಲಾಜರ, ತಬಿಥಾ, ಯೂತಿಖ, ಗೋರಿಗೆ ಎಸೆದವನು, ಇವರ ಅಪ್ಪಂದಿರ ಮಾತೇ ಬರುವುದಿಲ್ಲ. ಶೂನೇಮಿನ ಹುಡುಗನಿಗೆ ಅಪ್ಪನಿದ್ದ, ಹೊಲದಲ್ಲಿ ಸುಗ್ಗಿಯಲ್ಲಿದ್ದ. ಮಗ ತಲೆ ನೋವೆಂದು ಕೂಗಿದರೆ, ಅವ್ವನ ಹತ್ತಿರ ಒಯ್ಯಿ ಎಂದು ಆಳಿಗೆ ಹೇಳಿದ. ಹೆಂಡತಿ ಕತ್ತೆಗೆ ತಡಿ ಹಾಕಿಸಿ ಪ್ರವಾದಿಯ ಕಡೆ ಹೊರಟರೆ, ಇವತ್ತು ಅಮಾವಾಸ್ಯೆಯೂ ಅಲ್ಲ ಹಬ್ಬವೂ ಅಲ್ಲ, ಯಾಕೆ ಹೋಗುತ್ತೀ ಎಂದ. ಹೊಲದಲ್ಲಿದ್ದ ಎಂದು ಬರೆದೆ. ಉಳಿದವನು ಯಾಯಿರ. ಸಭಾಮಂದಿರದ ದೊಡ್ಡ ಮನುಷ್ಯ, ಹನ್ನೆರಡು ವರ್ಷದ ಮಗಳಿಗಾಗಿ ಮಂದಿಯೆಲ್ಲ ನೋಡುವಂತೆ ಯೇಸುವಿನ ಕಾಲಿಗೆ ಬಿದ್ದವನು. "ಎಂಟರಾಗ ಕೂಸಿನ ಸಲುವಾಗಿ ಓಡಿದ ಅಪ್ಪ ಇಂವ ಒಬ್ಬನ ನೋಡು," ಎಂದೆ, ಲೆಕ್ಕ ಬಿಡಿಸಿದ ಖುಷಿಯಲ್ಲಿ.

"ಆ ಯಾಯಿರನ್ನ ನಾ ನೋಡೀನಿ," ಅಂದೆ ನೀನು. "ಆಳಂದದಾಗ. ಮುಂಜಾನಿ ಐದಕ್ಕ ಬಂದು ನನ್ನ ಬಾಗಲಾ ಬಡದ. ಕಾಲಾಗ ಚಪ್ಪಲಿ ಇದ್ದಿಲ್ಲ, ಹೆಗಲ ಮ್ಯಾಲ ನಾಕ ವರ್ಷದ ಕೂಸು. ಜ್ವರ ನೆತ್ತಿಗೇರಿ ಕಣ್ಣು ಮ್ಯಾಲ ಮಾಡಿತ್ತು. ನನ್ನ ಕಾಲಿಗೆ ಬಿದ್ದ. ನಾ ಬರೇ ಕಂಪೌಂಡರ್, ನನ್ನ ಜಾತಿನೂ ಕೇಳಲಿಲ್ಲ ಅಂವ."

ಅದು ನನ್ನ ಮೊದಲ ನೌಕರಿಯ ಊರು. ನೀಲಾಳನ್ನು ಹೊತ್ತು ಆ ಕಲ್ಲಿನ ಹಾದಿಯಲ್ಲಿ ಓಡಿದ್ದು, ನೀನು ಲುಂಗಿಯಲ್ಲೇ ದವಾಖಾನೆಗೆ ಓಡಿ ಡಾಕ್ಟರನ್ನು ಎಬ್ಬಿಸಿದ್ದು, ಮಧ್ಯಾಹ್ನದವರೆಗೆ ಅವಳ ಹಣೆಗೆ ಒದ್ದೆ ಬಟ್ಟೆ ಬದಲಿಸುತ್ತ ಕೂತದ್ದು, ಅವಳು ಕಣ್ಣು ಬಿಟ್ಟು ನನ್ನನ್ನಲ್ಲ, ಅವ್ವನನ್ನಲ್ಲ, ಚುರಮುರಿ ಕೇಳಿದ್ದು, ಎಲ್ಲ ಒಮ್ಮೆಲೇ ಎದೆಗೆ ಬಂದು ನಿಂತಿತು. ಆಗ ನಾನು ಅತ್ತಿದ್ದರೆ ಎಷ್ಟು ಚಂದ ಇತ್ತು. ನನಗೆ ಸಿಟ್ಟು ಬಂತು. "ಸಾಕಿನ್ನು. ಮನಿಗೆ ಹೋಗು," ಅಂದೆ. ನೀನು ಬೈಬಲ್ ಅಲ್ಲೇ ಬಿಟ್ಟು, ಖಾಲಿ ಚೀಲ ಹಿಡಿದು ಹೋದೆ. ಐದನೆಯ ದಿನ ಬೆಳಿಗ್ಗೆ ಸ್ನಾನದ ನೀರು ತೋಡಿಕೊಳ್ಳುವಾಗ ನಿನ್ನ ಎದೆ ನಿಂತಿತು. ನಾನು ನಿನಗೆ ಆಡಿದ ಕಡೆಯ ಮಾತು ಅದು, ಮನೆಗೆ ಹೋಗು ಎಂಬುದು. ಕ್ಷಮಿಸಿದೆಯಾ?

ಮಣ್ಣಾದ ಮೂರನೆಯ ದಿನ ನಿಮ್ಮ ಮನೆಯಲ್ಲಿ ಪ್ರಾರ್ಥನೆ ಇತ್ತು. ಬೈಬಲ್ ಮರಳಿ ಕೊಡಲು ಹೋದೆ. ಅವನಿಗೆ ಕಾಣುತ್ತಿರಲಿಲ್ಲವಲ್ಲ, ನಾನೇ ಓದುತ್ತಿದ್ದೆ ಎಂದು ಹೇಳಿದರೆ ರತ್ನಾಬಾಯಿ ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು. "ಏನಂತೀರಿ ಮಾಸ್ತರ? ಆಪರೇಷನ್ ಆದ ಮ್ಯಾಲ ಅವರ ಕಣ್ಣು ಭಾಳ ಚೊಲೊ ಆಗಿದ್ವು. ದಿನಾ ಪೇಪರ್ ಓದ್ತಿದ್ರು. ಸೂಜಿಗೆ ದಾರಾನೂ ಅವರ ಹಾಕಿ ಕೊಡ್ತಿದ್ರಲ್ರಿ." ಮತ್ತೆ ಚರ್ಚಿನಲ್ಲಿ ಮಾತಾಡುವುದು? ಅಂಥದ್ದು ಏನೂ ಇರಲಿಲ್ಲವಂತೆ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಎರಡು ವರ್ಷ, ಪ್ರಭು. ಎರಡು ವರ್ಷ ನನ್ನ ಬಾಯಿಂದಲೇ ಓದಿಸಿದೆ, ನನ್ನ ಕೈಯಿಂದಲೇ ಬರೆಸಿದೆ. ಬೇರೆಯವರು ಹೇಳಿದ ಉತ್ತರ ನಾನು ಒಪ್ಪುವವನಲ್ಲ, ನನ್ನ ಲೆಕ್ಕ ನಾನೇ ಬಿಡಿಸಬೇಕು ಎಂಬುದು ನಿನ್ನೊಬ್ಬನಿಗೇ ಗೊತ್ತಿತ್ತು. ಒಂದು ಸಲ ನೇರವಾಗಿ ನೀಲಾಳ ಹೆಸರು ತೆಗೆದಿದ್ದರೆ ಮತ್ತೆ ಆರು ತಿಂಗಳು ಮಾತು ಬಿಡುತ್ತಿದ್ದೆ. ಎಂಥ ಕಳ್ಳ ನೀನು. ಮಣ್ಣಿನ ದಿನ ಬಾರದ ಅಳು ಅವತ್ತು ಬಂತು, ರತ್ನಾಬಾಯಿಯೇ ನನಗೆ ಸಮಾಧಾನ ಹೇಳಬೇಕಾಯಿತು.

ಅಷ್ಟಾದರೂ ತಕ್ಷಣ ಅತನೂರಿಗೆ ಹೊರಟೆ ಎಂದು ತಿಳಿಯಬೇಡ. ಹಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನಾಲ್ಕೈದು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ, ಕಲಬುರಗಿ ಬಸ್ಸು ಹೋಗುವುದನ್ನು ನೋಡಿ, ಬಾಳೆಹಣ್ಣು ಕೊಂಡು ಮನೆಗೆ ಬಂದೆ. ಹೋಗಿ ಏನೆಂದು ಹೇಳಲಿ? ನೀಲಾ ಬಾಗಿಲು ಹಾಕಿಕೊಂಡರೆ? ಹಾಕಿಕೊಂಡರೂ ಅದು ಅವಳ ಹಕ್ಕು ಎನ್ನುವುದು ಮನಸ್ಸಿಗೆ ಬಂದ ಮೇಲೆ ಮಾತ್ರ ಕಾಲು ಎದ್ದಿತು.

ಕಳೆದ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ, ಕುರ್ಚಿ ಹತ್ತಿ ಅವಳ ಫೋಟೋ ಇಳಿಸಿದೆ. ಸುಶೀಲಾ ಒಲೆಯ ಮುಂದಿನಿಂದ ಎದ್ದು ಬಂದಳು. ನನ್ನ ಕೈಯಿಂದ ತೆಗೆದುಕೊಂಡು ಹಾರ ಬಿಚ್ಚಿದಳು, ಗಾಜಿನ ಮೇಲಿನ ವಿಭೂತಿಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು. "ಅತನೂರಿಗೆ ಹೋಗೂಣೇನು?" ಎಂದೆ. "ಹೋಗೂಣ್ರಿ. ಹತ್ತೂವರಿಗೆ ಬಸ್ಸದ. ಕಲಬುರಗ್ಯಾಗ ಬದಲಸಬೇಕು," ಅಂದಳು. ಅವಳಿಗೆ ಹೇಗೆ ಗೊತ್ತು ಎಂದು ದಾರಿಯಲ್ಲಿ ಕೇಳಿದರೆ, ಹನ್ನೊಂದು ವರ್ಷದಿಂದ ಗೊತ್ತು ಅಂದಳು. ಮೊಮ್ಮಗಳಿದ್ದಾಳೆ, ಎಂಟು ವರ್ಷ, ಹೆಸರು ಮಹಾದೇವಿ ಎಂಬುದೂ ಅವಳಿಗೆ ಗೊತ್ತಿತ್ತು. "ನಿಮ್ಮ ದೋಸ್ತರು ಹೇಳ್ತಿದ್ರು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರ್ತಿದ್ರಲ್ರಿ," ಅಂದಳು. ನೀನು ಅತನೂರಿಗೆ ಹೋಗಿ ಬರುತ್ತಿದ್ದೆ ಎಂಬುದು ನನಗೆ ತಿಳಿದದ್ದು ಆ ಬಸ್ಸಿನಲ್ಲಿ.

ಮನೆ ಅಂಗಡಿಯ ಹಿಂದೆಯೇ. ಅಳಿಯ ಮೋಟರಿಗೆ ತಂತಿ ಸುತ್ತುತ್ತ ಕೂತಿದ್ದವನು ನಮ್ಮನ್ನು ನೋಡಿ ಎದ್ದು ನಿಂತ, ಗ್ರೀಸಿನ ಕೈ ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. "ನೀಲಾ, ಯಾರ ಬಂದಾರ ನೋಡು ಬಾ," ಎಂದು ಕೂಗಿದ. ಅವಳು ಬಂದಳು. ದಪ್ಪಗಾಗಿದ್ದಾಳೆ, ಕಿವಿಯ ಮೇಲೆ ಎರಡು ಬಿಳಿ ಕೂದಲು. ನನ್ನ ನೀಲಾಳಿಗೆ ಬಿಳಿ ಕೂದಲು, ಪ್ರಭು. ಸುಶೀಲಾ ನನ್ನನ್ನು ದಾಟಿಕೊಂಡು ಹೋಗಿ ಅವಳನ್ನು ತಬ್ಬಿದಳು. ಇಬ್ಬರೂ ಬಾಗಿಲಲ್ಲೇ ಕುಸಿದು ಕೂತು ಅತ್ತರು. ನಾನು ಅಂಗಳದಲ್ಲಿ, ಸುಟ್ಟ ಮೋಟರುಗಳ ರಾಶಿಯ ಪಕ್ಕದಲ್ಲಿ ನಿಂತೇ ಇದ್ದೆ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಅನ್ನಬೇಕು ಎಂದು ಕೇಳುವ ಮುಖ ನನಗೂ ಇರಲಿಲ್ಲ.

"ತಪ್ಪಾತು ನನ್ನದು, ನೀಲವ್ವ," ಎಂದೆ. ದಾರಿಯುದ್ದಕ್ಕೂ ಕೂಡಿಸಿಕೊಂಡ ಮಾತುಗಳಲ್ಲಿ ಅಷ್ಟೇ ಹೊರಗೆ ಬಂತು. ಅವಳು ತಲೆಯೆತ್ತಿದಳು. "ನನ್ನ ದಿನದಾಗ ಎಷ್ಟ ಮಂದಿ ಉಂಡ್ರು, ಹುಗ್ಗಿ ಹ್ಯಾಂಗ ಆಗಿತ್ತು, ಎಲ್ಲಾ ಬಂದು ಹೇಳ್ಯಾರ ಅಪ್ಪಾ ನನಗ. ಮೂರು ದಿನ ನಾ ಕನ್ನಡಿ ನೋಡಲಿಲ್ಲ," ಅಂದಳು. ನಾನು ಅಂಗಳದ ಮಣ್ಣು ನೋಡುತ್ತ ನಿಂತೆ.

ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳು ಬಂದಳು, ಕೈಯಲ್ಲಿ ಅರ್ಧ ಹೆಣೆದ ಜಡೆ ಹಿಡಿದುಕೊಂಡೇ. ಅಳುವ ಅವ್ವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಯವ್ವಾ, ಇವರ್ಯಾರು?"

"ನಿಮ್ಮಜ್ಜ. ಜೇವರ್ಗಿ ಅಜ್ಜ."

"ಜೇವರ್ಗಿ ಅಜ್ಜ ಸತ್ತಾನಂತ ಹೇಳಿದ್ಯಲ್ಲ ನೀ?"

ಆ ಮನೆಯಲ್ಲಿ ನಾನು ಯಾವತ್ತೋ ಸತ್ತಿದ್ದೆ, ಪ್ರಭು. ನಿನಗೆ ಗೊತ್ತಿತ್ತೋ ಏನೋ, ನನಗೆ ಗೊತ್ತಿರಲಿಲ್ಲ. ಅಳಿಯ ತಲೆ ತಗ್ಗಿಸಿದ. ನೀಲಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು, ಮಗಳ ಜಡೆಯನ್ನು ಕೈಗೆ ತೆಗೆದುಕೊಂಡು ತುದಿಯವರೆಗೆ ಹೆಣೆದು ರಿಬ್ಬನ್ ಕಟ್ಟಿದಳು. ನನ್ನ ಕಡೆ ನೋಡಲಿಲ್ಲ.

"ಈಗ ಬಂದಾರಲ್ಲ," ಅಂದಳು. "ಒಳಗ ಕರಿ. ಕುಡೀಲಕ್ಕ ನೀರ ಕೊಡು."

ನಿನ್ನ ದೋಸ್ತ,
ಶರಣಪ್ಪ ಮಾಸ್ತರ